ಮಳೆಗಾಲದಲ್ಲಿ ನಮ್ಮ ಟೆಂಪೊ: ರಿಪೇರಿ ಯಾರ ಕೈಗೆ?

ಮದುವೆ ಊಟ ಹೊತ್ತ ಟೆಂಪೊ ಕುರ್ಲಾದ ನೀರಿನಲ್ಲಿ ನಿಂತರೆ ನಮ್ಮ ಮಾನವೂ ಅಲ್ಲೇ ನಿಂತಂತೆ. ಬ್ಯಾಟರಿ ಟರ್ಮಿನಲ್ ಒರೆಸುವುದು, ಏರ್ ಫಿಲ್ಟರ್, ವೈಪರ್ ಬದಲಿಸುವುದು, ಎಂಜಿನ್ ತಣ್ಣಗಿದ್ದಾಗ ಕೂಲೆಂಟ್ ನೋಡುವುದು, ಇಷ್ಟಕ್ಕೆಲ್ಲ ಗ್ಯಾರೇಜಿಗೆ ದುಡ್ಡು ಸುರಿಯಬೇಕಿಲ್ಲ, ಡ್ರೈವರನೇ ಮಾಡಲಿ. ಬ್ರೇಕ್ ಕೆಲಸ ಮಾತ್ರ ಗ್ಯಾರೇಜಿಗೇ.

ಇನ್ನು ನೀರಿನಲ್ಲಿ ಬಂದಾದ ಎಂಜಿನ್. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಮುಳುಗಿದ ಗಾಡಿಗಳಿಗೆ ಲೆಕ್ಕವಿಲ್ಲ. ಅಂಥ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗದು. ಸಿಲಿಂಡರಿನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆ ಸೇರಿಸದ ವಿಮೆ ಈ ನಷ್ಟಕ್ಕೆ ಸಾಮಾನ್ಯವಾಗಿ ಒದಗುವುದಿಲ್ಲ. ಟೋಯಿಂಗ್‌ಗೆ ಹೇಳಿ, ಊಟಕ್ಕೆ ಬೇರೆ ಗಾಡಿ ಕರೆಯಿರಿ, ಸಾಂಬಾರು ಆರುವ ಮೊದಲೇ.