ನೆನೆದ ಗೋಡೆ

2009ರ ಸೆಪ್ಟೆಂಬರ್ ಕಡೆಯಲ್ಲಿ ಸುರಿದ ಮಳೆಗೆ ಮಲಪ್ರಭೆ ಉಕ್ಕಿ, ಬಾದಾಮಿ, ಹುನಗುಂದ ತಾಲ್ಲೂಕುಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಎಷ್ಟೋ ಬೇಸಗೆಗಳನ್ನು ತಾಳಿದ ಗೋಡೆಯು ನೀರಿಗೇಕೆ ಸೋತಿತೆಂದು ನಾವು ವಿಚಾರಿಸೋಣ. ಒಣಗಿದ ಗೋಡೆಯಲ್ಲಿಯೂ ಮಣ್ಣಿನ ಕಣಗಳ ನಡುವೆ ನೀರಿನ ತೆಳುಪೊರೆ ಉಳಿದಿರುತ್ತದೆ. ಅದರ ಸೆಳೆತವೇ ಕಣಗಳನ್ನು ಬಿಗಿದಿಡುತ್ತದೆ. ಸಂದುಗಳೆಲ್ಲ ನೀರಿನಿಂದ ತುಂಬಿದೊಡನೆ ಆ ಸೆಳೆತ ಅಳಿಯುತ್ತದೆ. ಅದೇ ಹೊತ್ತಿಗೆ ಮಾಳಿಗೆಗೆ ಹೊದಿಸಿದ ಮಣ್ಣೂ ನೀರು ಕುಡಿದು ಭಾರವಾಗುತ್ತದೆ. ಗೋಡೆ ಸೋಲುವ ಗಳಿಗೆಯಲ್ಲೇ ಹೊರೆ ಹೆಚ್ಚಿದರೆ ಕೆಳಗೆ ಮಲಗಿದವರ ಗತಿಯೇನು!

ಹಾಗೆಂದು ನಾವು ಮಣ್ಣನ್ನೇ ತೊರೆಯಬೇಕಾಗಿಲ್ಲ. ನೂರಕ್ಕೆ 5ರಿಂದ 8 ಪಾಲು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ನೆನೆದರೂ ಕರಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಇಂಥ ಇಟ್ಟಿಗೆಗಳನ್ನು ಬಹುಕಾಲ ಪರೀಕ್ಷಿಸಿತು. ಆದರೆ ಎರೆಮಣ್ಣು ನೆನೆದು ಉಬ್ಬಿ, ಒಣಗಿ ಬಿರಿಯುವಂಥದು; ಮರಳು, ಸುಣ್ಣ ಬೆರೆಸದೆ ಅದು ಒದಗದು. ಎತ್ತರದ ತಳಪಾಯಕ್ಕೆ ಇಳಕಲ್ಲಿನ ಸುತ್ತ ಕಲ್ಲಿಗೆ ಬರವಿಲ್ಲ. ಇಟ್ಟಿಗೆಯ ಅಳತೆ ಒಂದೇ ಆಗಿರುವುದರಿಂದ, ಈಗ ಒಂದು ಕೋಣೆ ಕಟ್ಟಿದವರು ಮುಂದಿನ ಸುಗ್ಗಿಯಲ್ಲಿ ಮತ್ತೊಂದನ್ನು ಸೇರಿಸಬಹುದು.