ಬಿದ್ದ ಲೋಕದಿಂದಲೇ ಮತ್ತೆ ಶುರು

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅವ್ವ ಅಟ್ಟದಿಂದ ಒಂದು ರಟ್ಟಿನ ಡಬ್ಬಿ ಇಳಿಸಿ, ‘ಇದನ್ನ ಗುಜರಿಯವಗ ಕೊಡ್ಲೇನೋ?’ ಎಂದಳು. ತೆರೆದು ನೋಡಿದರೆ ನನ್ನ ಹಳೆಯ ಟಿ.ವಿ. ಗೇಮ್! ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹುಬ್ಬಳ್ಳಿಯಿಂದ ತಂದುಕೊಟ್ಟದ್ದು. ಎರಡು ರಿಮೋಟು, ಕೆಂಪು-ಬಿಳಿ-ಹಳದಿ ವೈರು, ಮೇಲೆ 9999 ಆಟಗಳು ಎಂದು ಬರೆದಿದ್ದ ಒಂದು ಕ್ಯಾಸೆಟ್. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು, ಉಳಿದವೆಲ್ಲ ಅವೇ ಮತ್ತೆ ಮತ್ತೆ. ನಮಗೆ ಬೇಕಾಗಿದ್ದದ್ದೂ ಒಂದೇ: ‘ಸೂಪರ್ ಮಾರಿಯೊ ಬ್ರದರ್ಸ್’.

‘ಕೊಟ್ಟುಬಿಡು’ ಎಂದೆ. ಆಗ ನನಗೆ ಯಾವುದರಲ್ಲೂ ಮನಸ್ಸಿರಲಿಲ್ಲ. ಬಿ.ಕಾಂ. ಮುಗಿಸಿ ಮೂರು ವರ್ಷ ಧಾರವಾಡದಲ್ಲಿ ರೂಮು ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದಿದ್ದೆ. ಮೊದಲ ಎರಡು ಸಲ ಪ್ರಿಲಿಮ್ಸ್ ದಾಟಲಿಲ್ಲ. ಮೂರನೇ ಸಲ ಅದು ದಾಟಿತು, ಮೇನ್ಸ್‌ನಲ್ಲಿ ಬಿದ್ದೆ. ಮನೆಯವರು ಏನೂ ಕೇಳಲಿಲ್ಲ. ಅವರು ಕೇಳದೇ ಇದ್ದದ್ದೇ ಹೆಚ್ಚು ಚುಚ್ಚುತ್ತಿತ್ತು. ಮೂರು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದುಕೊಂಡಿದ್ದೆ.

ಡಬ್ಬಿಯನ್ನು ಉಳಿಸಿದ್ದು ಹಬ್ಬಕ್ಕೆ ಬಂದಿದ್ದ ಅಕ್ಕನ ಮಗ. ಎಂಟು ವರ್ಷದ ಅವನ ಹಟಕ್ಕೆ ಮಣಿದು ವೈರು ಜೋಡಿಸಿದೆ. ಕ್ಯಾಸೆಟ್ ತೆಗೆದು ಉಫ್ ಎಂದು ಊದಿ ಮತ್ತೆ ಹಾಕಿದ ಮೇಲೆ ಆ ಪರಿಚಿತ ಸಂಗೀತ ಕೇಳಿಸಿತು.

ಹುಡುಗನಿಗೆ ನಾನು ಏನೂ ಹೇಳಿಕೊಡಲಿಲ್ಲ. ಮಾರಿಯೊ ಎಡಗಡೆ ನಿಂತಿದ್ದಾನೆ, ಬಲಗಡೆ ಎಲ್ಲಾ ಖಾಲಿ. ಅವನು ಬಲಕ್ಕೇ ನಡೆದ. ಕಂದು ಬಣ್ಣದ ಗೂಂಬಾ ಎದುರಿಗೆ ಬಂತು. ಡಿಕ್ಕಿ ಹೊಡೆದು ಸತ್ತ. ಎರಡನೇ ಸಲ ಹಾರಿದ. ಅಣಬೆ ಉರುಳಿ ಬಂದಾಗ ಹೆದರಿ ತಪ್ಪಿಸಿಕೊಳ್ಳಲು ನೋಡಿದ. ಅದು ಮುಂದಿನ ಕೊಳವೆಗೆ ಬಡಿದು ವಾಪಸ್ ಬಂದು ಅವನಿಗೇ ತಾಗಿತು. ಮಾರಿಯೊ ದೊಡ್ಡವನಾದ! ಅರ್ಧ ನಿಮಿಷದಲ್ಲಿ ಆಟದ ಮುಖ್ಯ ಪಾಠಗಳೆಲ್ಲ ಮುಗಿದಿದ್ದವು.

ಇದು ಆಕಸ್ಮಿಕವಲ್ಲ ಎಂದು ಆ ರಾತ್ರಿ ಮೊಬೈಲಿನಲ್ಲಿ ಓದುತ್ತಾ ಹೋದಾಗ ತಿಳಿಯಿತು. ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ ಈ ಆಟ ಅಲ್ಲಿ ಬಿಡುಗಡೆಯಾದದ್ದು 1985ರ ಸೆಪ್ಟೆಂಬರ್ 13ರಂದು. ಮೊದಲೇ ಆಮೆ ಎದುರಾದರೆ ಹೊಸಬರಿಗೆ ಕಷ್ಟ ಎಂದು ಗೂಂಬಾವನ್ನು ಕೊನೆಯ ಹಂತದಲ್ಲಿ ಸೇರಿಸಿದರಂತೆ. ಅಷ್ಟರಲ್ಲಿ ಕ್ಯಾಸೆಟ್‌ನಲ್ಲಿ ಜಾಗವೇ ಉಳಿದಿರಲಿಲ್ಲ. ಅದಕ್ಕೆ ಒಂದೇ ಚಿತ್ರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಅದು ನಡೆಯುವಂತೆ ಮಾಡಿದರು. ಇಡೀ ಆಟ ಇರುವುದೇ 40 ಕಿಲೊಬೈಟ್‌ನಲ್ಲಿ. ನಮ್ಮ ಮೊಬೈಲಿನ ಒಂದು ಫೋಟೊ ಇದರ ಹತ್ತಾರು ಪಟ್ಟು ದೊಡ್ಡದು. ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಗಮನಿಸಿ ನೋಡಿ: ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇದ್ದದ್ದರಲ್ಲೇ ಹೊಂದಿಸಿ ಕಟ್ಟಿದ ಈ ಆಟದ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು.

ಮಾರಿಯೊ ಹುಟ್ಟಿದ್ದೂ ಒಂದು ಸೋಲಿನಿಂದಲೇ. 1980ರ ಸುಮಾರಿಗೆ ನಿಂಟೆಂಡೊ ‘ರೇಡಾರ್ ಸ್ಕೋಪ್’ ಎಂಬ ಆಟದ ಯಂತ್ರಗಳನ್ನು ಅಮೆರಿಕಕ್ಕೆ ಕಳಿಸಿತ್ತು. ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವಂಥವು. ಆಟ ಓಡಲಿಲ್ಲ. ಸುಮಾರು 2 ಸಾವಿರ ಯಂತ್ರಗಳು ಗೋದಾಮಿನಲ್ಲೇ ಉಳಿದವು. ಅವನ್ನು ಗುಜರಿಗೆ ಹಾಕುವ ಬದಲು, ಅವುಗಳಲ್ಲೇ ಓಡುವ ಹೊಸ ಆಟ ಮಾಡು ಎಂದು ಮಿಯಾಮೊಟೊಗೆ ಹೇಳಿದರು. ಆತ ಕಲಿತದ್ದು ವಿನ್ಯಾಸ. ಅಲ್ಲಿಯವರೆಗೆ ಸ್ವಂತ ಆಟ ಮಾಡಿದವನಲ್ಲ. ಹಾಗೆ 1981ರಲ್ಲಿ ಬಂದದ್ದು ‘ಡಾಂಕಿ ಕಾಂಗ್’. ಅದರಲ್ಲಿ ಪೀಪಾಯಿಗಳ ಮೇಲೆ ಹಾರುತ್ತಿದ್ದ ಪುಟ್ಟ ಬಡಗಿಗೆ ಮೊದಲು ಇದ್ದ ಹೆಸರು ಜಂಪ್‌ಮ್ಯಾನ್. ಚುಕ್ಕಿಗಳು ಕಡಿಮೆ ಇದ್ದದ್ದರಿಂದ ಬಾಯಿ ಬಿಡಿಸುವ ಬದಲು ಮೀಸೆ ಇಟ್ಟರು, ಕೂದಲಿನ ಬದಲು ಟೋಪಿ ಹಾಕಿದರು. ಅವನೇ ಮುಂದೆ ಮಾರಿಯೊ ಆದ.

ಗುಜರಿ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಬೆಳಿಗ್ಗೆಯಷ್ಟೇ ಆ ಡಬ್ಬಿಯನ್ನೂ ನನ್ನ ಮೂರು ವರ್ಷಗಳನ್ನೂ ಒಟ್ಟಿಗೆ ಗುಜರಿಗೆ ಹಾಕಲು ಹೊರಟಿದ್ದೆನಲ್ಲ!

ಮರುದಿನ ಹುಡುಗ ಮೊದಲ ಕೋಟೆಯನ್ನೂ ದಾಟಿದ. ಅಲ್ಲಿ ರಾಜಕುಮಾರಿ ಇರಲಿಲ್ಲ. ಅಣಬೆ ತಲೆಯ ಸೇವಕ, ಆಕೆ ಬೇರೆ ಕೋಟೆಯಲ್ಲಿದ್ದಾಳೆ ಎಂದು ಹೇಳಿ ಕಳಿಸಿದ. ಎಂಟು ಲೋಕಗಳಲ್ಲಿ ಏಳರ ಕೊನೆಗೂ ಇದೇ ಮಾತು. ‘ಸದ್ಯಕ್ಕೆ ಹುದ್ದೆ ಖಾಲಿ ಇಲ್ಲ’ ಎಂದು ಕೇಳಿಸಿಕೊಂಡವರಿಗೆ ಆ ಸೇವಕನ ಪರಿಚಯ ಚೆನ್ನಾಗಿರುತ್ತದೆ. ಎರಡನೇ ಲೋಕದಲ್ಲಿ ಹುಡುಗನ ಜೀವಗಳೆಲ್ಲ ಮುಗಿದವು. ರಿಮೋಟು ಎಸೆದು, ‘ಮಾಮಾ, ಮತ್ತ ಮೊದಲಿಂದ ಆಡ್ಬೇಕೇನು?’ ಎಂದು ಅಳುಮೋರೆ ಮಾಡಿದ.

ಹೌದು ಎನ್ನಬೇಕೆಂದಿದ್ದೆ. ಚಿಕ್ಕಂದಿನಲ್ಲಿ ನಾವು ಹಾಗೇ ಆಡುತ್ತಿದ್ದೆವು. ಆದರೆ ಹಿಂದಿನ ರಾತ್ರಿ ಒಂದು ಗುಟ್ಟು ಓದಿದ್ದೆ. ಆಟ ಮುಗಿದು ಮೊದಲ ಪರದೆ ಬಂದಾಗ ‘ಎ’ ಗುಂಡಿ ಒತ್ತಿ ಹಿಡಿದು ‘ಸ್ಟಾರ್ಟ್’ ಒತ್ತಬೇಕು. ಒತ್ತಿಸಿದೆ. ಪರದೆಯ ಮೇಲೆ 2-1 ಎಂದು ಬಂತು! ಸೋತ ಲೋಕದ ಆರಂಭದಿಂದಲೇ ಶುರು. ಹುಡುಗ ಕುಣಿದಾಡಿದ. ನಾನು ಸುಮ್ಮನೆ ಕುಳಿತೆ. ಇಷ್ಟು ವರ್ಷ ಈ ದಾರಿ ಆಟದೊಳಗೇ ಇತ್ತು, ನಮಗೆ ಹೇಳುವವರಿರಲಿಲ್ಲ ಅಷ್ಟೆ.

ಬದುಕು ಮಾರಿಯೊ ಆಟದಂತೆ ಎಂದು ಹೇಳಲು ನಾನು ಹೊರಟಿಲ್ಲ. ಮಾರಿಯೊದಲ್ಲಿ ಹೊಂಡ ಯಾವತ್ತೂ ಅದೇ ಜಾಗದಲ್ಲಿರುತ್ತದೆ. ಪರೀಕ್ಷೆಯಲ್ಲಿ ಪ್ರತಿ ವರ್ಷ ಜಾಗ ಬದಲಾಗುತ್ತದೆ. ವಯೋಮಿತಿ ಯಾರಿಗೂ ಕಾಯುವುದಿಲ್ಲ, ಅಪ್ಪನ ಬೆನ್ನುನೋವೂ ಕಾಯುವುದಿಲ್ಲ. ಮೂರು ಸಲ ಬಿದ್ದದ್ದನ್ನು ಗೆಲುವಿನ ಮೆಟ್ಟಿಲು ಎಂದರೆ ನಾನೇ ನಂಬಲಾರೆ. ಆದರೆ ಪ್ರಿಲಿಮ್ಸ್ ದಾಟಿ ಬಿದ್ದವನು ಮೊದಲ ಲೋಕದಲ್ಲಿಲ್ಲ. ಅವನಿಗೆ ಲೆಕ್ಕ ಬರುತ್ತದೆ, ವೇಗ ಬಂದಿದೆ, ಎಲ್ಲಿ ಬಿದ್ದೆ ಎನ್ನುವುದೂ ಗೊತ್ತಿದೆ. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಎಂಟು ವರ್ಷದ ಹುಡುಗ ಬೇಕಾಯಿತು.

ಹಬ್ಬ ಮುಗಿದ ಮೇಲೆ ಧಾರವಾಡದ ರೂಮು ಬಿಟ್ಟೆ. ಊರಿನಲ್ಲೇ ಸಂಜೆ ಹೊತ್ತು ಪಿಯು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ. ಪರೀಕ್ಷೆಗೆಂದು ಕಲಿತ ಸುಲಭ ವಿಧಾನಗಳು ಅಲ್ಲಿ ಕೆಲಸಕ್ಕೆ ಬರುತ್ತಿವೆ, ನನ್ನ ಖರ್ಚೂ ಕಳೆಯುತ್ತಿದೆ. ಬೆಳಿಗ್ಗೆ ಮೇನ್ಸ್‌ಗೆ ಓದು. ಮುಂದಿನ ಸಲ ಆಗುತ್ತದೋ ಇಲ್ಲವೋ, ಮಾತು ಕೊಡಲಾರೆ.

ಮೊನ್ನೆ ಊಟಕ್ಕೆ ಕುಳಿತಾಗ ಅಪ್ಪ, ‘ಹುಡುಗ್ರಿಗೆ ಲೆಕ್ಕ ಚಲೋ ಹೇಳ್ತಿಯಂತಲ್ಲ’ ಎಂದರು. ಫಲಿತಾಂಶ ಬಂದ ಮೇಲೆ ನನ್ನ ಓದಿನ ಬಗ್ಗೆ ಅವರಾಡಿದ ಮೊದಲ ಮಾತದು. ಡಬ್ಬಿ ಈಗ ಅಟ್ಟದ ಮೇಲಿಲ್ಲ, ಟಿ.ವಿ.ಯ ಪಕ್ಕದಲ್ಲಿದೆ.