ಮಳೆಗಾಲದ ಕೆಮ್ಮು, ಹಂದಿಗೂಡಿನ ಗಾಳಿ

ಕಕ್ಕಡ ಮಾಸದ ಬಿಡುವಿಲ್ಲದ ಮಳೆಯಲ್ಲಿ ಮನೆಭೇಟಿಗೆ ಹೊರಟಿದ್ದ ನಾವು, ಕಾಫಿ ತೋಟದ ಅಂಚಿನಲ್ಲಿದ್ದ ಒಂದು ಕುಟುಂಬದ ಅಂಗಳವನ್ನು ತಲುಪಿದಾಗ ಮೊದಲು ಕಿವಿಗೆ ಬಿದ್ದುದು ಹಿತ್ತಿಲಿನ ಕೆಮ್ಮು. ಮನುಷ್ಯರದಲ್ಲ, ಹಂದಿಮರಿಗಳದು. ಹನ್ನೊಂದರಲ್ಲಿ ಮೂರು ಆಗಲೇ ಸತ್ತಿದ್ದವು. “ಚಳಿ ತಾಗಬಾರದೆಂದು ನಾಲ್ಕೂ ಕಡೆ ಟಾರ್ಪಾಲು ಕಟ್ಟಿದ್ದೆವು ಫಾದರ್, ಆದರೂ ಹೀಗಾಯಿತು” ಎಂದು ಮನೆಯಾಕೆ ಕಣ್ಣೊರೆಸಿಕೊಂಡರು. ಮಗಳ ಕಾಲೇಜು ಶುಲ್ಕ ಆ ಮರಿಗಳ ಮೇಲೆಯೇ ನಿಂತಿತ್ತು. ಉಳಿದ ಎಂಟನ್ನು ಮರುದಿನ ಬೆಳಿಗ್ಗೆಯೇ ವ್ಯಾಪಾರಿಗೆ ದಾಟಿಸಿಬಿಡುವ ಯೋಚನೆ ಮನೆಯ ಯಜಮಾನರದು. ಪಶುವೈದ್ಯರು ಬಂದು ನೋಡುವವರೆಗೆ ಒಂದು ದಿನ ತಾಳಿ ಎಂದು ನಾವು ಕೇಳಿಕೊಂಡೆವು. ಆ ಒಂದು ದಿನದಲ್ಲಿ ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕೊಡಗಿನಲ್ಲಿ ಹಂದಿಮಾಂಸಕ್ಕೆ ಕೈಲ್ ಮುಹೂರ್ತದ ಬೇಡಿಕೆ ಒಂದಾದರೆ, ನಮ್ಮ ಕುಟುಂಬಗಳಲ್ಲಿ ಕ್ರಿಸ್ಮಸ್ಸಿನ ಬೇಡಿಕೆ ಇನ್ನೊಂದು. ಡಿಸೆಂಬರಿನ ಹಬ್ಬಕ್ಕೆ ಎಂಟು ತಿಂಗಳು ತುಂಬಬೇಕಾದ ಹಂದಿಯನ್ನು ಎರಡು ತಿಂಗಳ ಮರಿಯಾಗಿ ಗೂಡಿಗೆ ತರುವ ಕಾಲ ಜೂನ್. ತಾಯಿಯಿಂದ ಅಗಲಿ, ಪಯಣದ ದಣಿವು ಹೊತ್ತು, ಅಪರಿಚಿತ ಮರಿಗಳೊಡನೆ ಕಲೆತ ಈ ಎಳೆಯ ಪ್ರಾಣಿಗೆ ಗಿಣ್ಣುಹಾಲಿನಿಂದ ಬಂದ ರಕ್ಷಣೆಯೂ ಆ ವೇಳೆಗೆ ಕ್ಷೀಣಿಸಿರುತ್ತದೆ. ಅದು ತನ್ನ ದುರ್ಬಲ ದಿನಗಳನ್ನು ಕಠಿಣವಾದ ಮುಂಗಾರಿನಲ್ಲಿಯೇ ಕಳೆಯಬೇಕಾಗುತ್ತದೆ.

ಒಂದು ಕಾರ್ಯ, ಹಲವು ಕಾರಣ

ಒಂದು ಕಾರ್ಯಕ್ಕೆ ಒಂದೇ ಕಾರಣವನ್ನು ಹುಡುಕಬಾರದೆಂದು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ್ದರು. ನಿಮಿತ್ತ ಕಾರಣ ಒಂದಾದರೆ ಸಹಕಾರಿ ಕಾರಣಗಳು ಹಲವು. ಹಂದಿಯ ನ್ಯುಮೋನಿಯಾ ಇದಕ್ಕೆ ಒಳ್ಳೆಯ ಉದಾಹರಣೆ.

ಪಾಶ್ಚರೆಲ್ಲ ಮಲ್ಟೋಸಿಡ ಎಂಬ ಬ್ಯಾಕ್ಟೀರಿಯ ಆರೋಗ್ಯವಂತ ಹಂದಿಯ ಮೂಗು, ಗಂಟಲುಗಳಲ್ಲಿಯೂ ವಾಸಿಸುತ್ತದೆ. 1880ರ ಸುಮಾರಿಗೆ ಕೋಳಿಗಳ ಕಾಲರಾ ರೋಗಾಣುವನ್ನು ದುರ್ಬಲಗೊಳಿಸಿ ಲಸಿಕೆ ರೂಪಿಸಿದ ಲೂಯಿ ಪಾಶ್ಚರರ ಹೆಸರನ್ನೇ ಅದು ಹೊತ್ತಿದೆ. ಶ್ವಾಸನಾಳದ ಸೂಕ್ಷ್ಮ ರೋಮಗಳು ಇಂತಹ ರೋಗಾಣುಗಳನ್ನು ಸದಾ ಹೊರಗೆ ತಳ್ಳುತ್ತಿರುತ್ತವೆ. 1965ರಲ್ಲಿ ಗುರುತಿಸಲಾದ ಮೈಕೊಪ್ಲಾಸ್ಮ ಹಯೊನ್ಯುಮೋನಿಯೆ ಎಂಬ ಇನ್ನೊಂದು ಜೀವಿ ಆ ರೋಮಗಳನ್ನೇ ಹಾಳುಗೆಡಹುತ್ತದೆ. ಮೂತ್ರ, ಸೆಗಣಿಗಳಿಂದ ಏಳುವ ಅಮೋನಿಯ ಅನಿಲವೂ ಅದೇ ಕೆಲಸ ಮಾಡುತ್ತದೆ. ದುಂಡುಹುಳುವಿನ ಮರಿಗಳು ಕರುಳಿನಿಂದ ಹೊರಟು ಶ್ವಾಸಕೋಶವನ್ನು ಹಾದುಹೋಗುವಾಗ ಅಲ್ಲಿ ಗಾಯ ಮಾಡುತ್ತವೆ. ಹೀಗೆ ಬಾಗಿಲು ತೆರೆದ ಮೇಲೆ ಗಂಟಲಿನಲ್ಲಿದ್ದ ರೋಗಾಣು ಒಳನುಗ್ಗುತ್ತದೆ. ಆ ಮನೆಯವರು ಮಮತೆಯಿಂದ ಕಟ್ಟಿದ ಟಾರ್ಪಾಲು ಚಳಿಯೊಡನೆ ಒಳ್ಳೆಯ ಗಾಳಿಯನ್ನೂ ಹೊರಗಿಟ್ಟು, ಕೆಟ್ಟ ಗಾಳಿಯನ್ನು ಒಳಗೆ ಬಂಧಿಸಿತ್ತು.

ಲಕ್ಷಣಗಳೂ ಒಂದೇ ಬಗೆಯವಲ್ಲ. ಮೈಕೊಪ್ಲಾಸ್ಮದಲ್ಲಿ ವಾರಗಟ್ಟಲೆ ಒಣಕೆಮ್ಮು. ಸಾವು ಕಡಿಮೆ, ಆದರೆ ತಿಂದದ್ದು ಮೈಗೆ ಹತ್ತದು. ಪಾಶ್ಚರೆಲ್ಲ ಸೇರಿಕೊಂಡರೆ ಜ್ವರ, ಹೊಟ್ಟೆ ಕುಣಿಸುವ ಏದುಸಿರು. ಆಕ್ಟಿನೊಬ್ಯಾಸಿಲಸ್ ಪ್ಲೂರೊನ್ಯುಮೋನಿಯೆ ಎಂಬುದು ಎಲ್ಲಕ್ಕಿಂತ ಕ್ರೂರಿ: ಸಂಜೆ ಚೆನ್ನಾಗಿದ್ದ ಹಂದಿ ನಾಯಿಯಂತೆ ಕುಳಿತು ಬಾಯಿ ತೆರೆದು ಉಸಿರಾಡುತ್ತದೆ, ಮೂಗಿನಲ್ಲಿ ರಕ್ತಮಿಶ್ರಿತ ನೊರೆ ಕಾಣಿಸಿ ಒಂದೆರಡು ದಿನಗಳಲ್ಲಿ ಸಾಯಬಹುದು. ಹಂದಿಯ ಸಹಜ ದೇಹೋಷ್ಣತೆ ಸುಮಾರು 39 ಡಿಗ್ರಿ ಸೆಲ್ಸಿಯಸ್. 41ಕ್ಕೆ ಏರಿದರೆ ಕಾಯುವ ಸಮಯವಿಲ್ಲ.

ಔಷಧದ ವಿವೇಕ

ಔಷಧದಂಗಡಿಯಲ್ಲಿ ಕೇಳಿ ತಂದ ಚುಚ್ಚುಮದ್ದು ಇಲ್ಲಿ ಏಕೆ ಸಲ್ಲದು? ಮೈಕೊಪ್ಲಾಸ್ಮಕ್ಕೆ ಕೋಶಭಿತ್ತಿಯೇ ಇಲ್ಲದ ಕಾರಣ, ಭಿತ್ತಿಯನ್ನು ಕೆಡಿಸಿ ಕೊಲ್ಲುವ ಪೆನಿಸಿಲಿನ್ ಅದಕ್ಕೆ ತಾಗದು. ಹಂದಿಜ್ವರವಾದರೆ ಅದು ವೈರಸ್. ಯಾವ ಪ್ರತಿಜೀವಕವೂ ನಾಟದು. 2020ರಲ್ಲಿ ಈಶಾನ್ಯ ಭಾರತಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿಜ್ವರ 2022ರ ಜುಲೈನಲ್ಲಿ ನಮ್ಮ ನೆರೆಯ ವಯನಾಡಿನ ಮಾನಂದವಾಡಿಯಲ್ಲಿ ಕಾಣಿಸಿಕೊಂಡುದನ್ನು ಮರೆಯಲಾಗದು. ಜ್ವರ ಯಾವುದೆಂದು ಪಶುವೈದ್ಯರೇ ನಿರ್ಣಯಿಸಬೇಕು. ಗಳಲೆ ರೋಗದ ಲಸಿಕೆಯನ್ನು ಮಳೆಗೆ ಮೊದಲೇ ಅವರಲ್ಲಿ ವಿಚಾರಿಸುವುದು ಒಳ್ಳೆಯದು; ಆದರೆ ಅದು ಎಲ್ಲ ನ್ಯುಮೋನಿಯಾಗಳಿಗೂ ರಕ್ಷೆಯಲ್ಲ. ಮನುಷ್ಯರ ಕೊನೆಯ ಆಸರೆಯ ಮದ್ದಾದ ಕೊಲಿಸ್ಟಿನ್ನನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದೆ.

ಹಣ ಬೇಡದ ಉಪಾಯಗಳು

ಮುಖ್ಯ ಉಪಾಯಗಳಿಗೆ ಹೆಚ್ಚು ಹಣ ಬೇಕಿಲ್ಲ. ಟಾರ್ಪಾಲನ್ನು ಮಳೆ ಬಡಿಯುವ ಬದಿಗೆ ಮಾತ್ರ ಕಟ್ಟಿ, ಸೂರಿನ ಕೆಳಗೆ ಗಾಳಿಯಾಡಲು ತೆರಪು ಬಿಡಬೇಕು. ಮಲಗುವ ಜಾಗ ಒಣಗಿರಬೇಕು. ಬೂಷ್ಟು ಹಿಡಿಯದ ಹುಲ್ಲು ಹಾಸಿದರೆ ಮರಿಗಳಿಗೆ ಬೆಚ್ಚಗಾಗುತ್ತದೆ. ಹೊಸ ಮರಿಗಳನ್ನು ಮೂರು ನಾಲ್ಕು ವಾರ ಬೇರೆಯಾಗಿರಿಸಿ, ಬೇರೆ ಬೇರೆ ವಯಸ್ಸಿನವನ್ನು ಬೆರೆಸದೆ, ಒಂದು ತಂಡ ಪೂರ್ತಿ ಹೊರಟ ಬಳಿಕ ಗೂಡನ್ನು ತೊಳೆದು ಒಣಗಿಸಿ ಮುಂದಿನದನ್ನು ತರಬೇಕು. ಹುಳುವಿನ ಔಷಧ ಕಾಲಕಾಲಕ್ಕೆ ಬೀಳಬೇಕು. ಹೋಟೆಲು, ಹೋಂಸ್ಟೇಗಳ ಎಂಜಲನ್ನು ಚೆನ್ನಾಗಿ ಕುದಿಸದೆ ಹಾಕಬಾರದು. ವೈದ್ಯರು ನಮಗೊಂದು ಸುಲಭ ಪರೀಕ್ಷೆಯನ್ನೂ ಹೇಳಿದರು: ಗೂಡಿನೊಳಗೆ ಹಂದಿಯ ಮೂಗಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ನಿಮ್ಮ ಕಣ್ಣು ಉರಿದರೆ ಮರಿಯ ಶ್ವಾಸಕೋಶ ಆಗಲೇ ಉರಿಯುತ್ತಿದೆ. ನಾವೂ ಕುಳಿತೆವು; ಕ್ಷಣದಲ್ಲಿಯೇ ಎದ್ದುಬಿಟ್ಟೆವು.

ಇನ್ನುಳಿದುದು ಮಾರಾಟದ ಪ್ರಶ್ನೆ. ಕೆಮ್ಮುವ ಹಂದಿಯನ್ನು ದಾಟಿಸಿದರೆ ನಷ್ಟ ಇಲ್ಲವಾಗುವುದಿಲ್ಲ, ಇನ್ನೊಬ್ಬ ಬಡವನ ಗೂಡಿಗೆ ವರ್ಗವಾಗುತ್ತದೆ. ಮದ್ದು ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನ ಕಾಯದೆ ಕಡಿದರೆ ಔಷಧದ ಶೇಷ ಮಕ್ಕಳ ತಟ್ಟೆಗೆ ಬರುತ್ತದೆ. ಸ್ಟ್ರೆಪ್ಟೊಕಾಕಸ್ ಸುಯಿಸ್ ಎಂಬ ಹಂದಿಯ ರೋಗಾಣುವಂತೂ ಕೈಯ ಗಾಯದ ಮೂಲಕ ಕಡಿಯುವವನ ರಕ್ತಕ್ಕೆ ಸೇರಿ ಮಿದುಳುಪೊರೆಯ ಉರಿಯೂತವನ್ನೂ ಕಿವುಡುತನವನ್ನೂ ತರಬಲ್ಲದು.

ಈಜಿಪ್ತಿನ ತಪಸ್ವಿ ಸಂತ ಅಂತೋಣಿಯವರ ಹಬ್ಬ ಜನವರಿ 17ರಂದು. ಅವರ ಚಿತ್ರಗಳಲ್ಲಿ ಕಾಲಬಳಿ ಹಂದಿಯೊಂದು ನಿಂತಿರುತ್ತದೆ; ಹಂದಿ ಸಾಕುವವರ ಪಾಲಕರು ಅವರು. ಆದರೆ ಸೂರಿನ ತೆರಪನ್ನು ನಾವೇ ಬಿಡಬೇಕು.

ಆ ಮನೆಯ ಎಂಟರಲ್ಲಿ ಇನ್ನೊಂದು ಸತ್ತಿತು, ಎರಡು ಕೃಶವಾಗಿಯೇ ಉಳಿದವು, ಐದು ಬೆಳೆದವು. ಶುಲ್ಕಕ್ಕೆ ಸ್ವಲ್ಪ ಸಾಲ ಮಾಡಬೇಕಾಯಿತು. ವ್ಯಾಪಾರಿಗೆ ದಾಟಿಸಿದ್ದರೆ ಆ ಸಾಲ ಇರುತ್ತಿರಲಿಲ್ಲ ಎಂದು ಯಜಮಾನರು ನಮಗೆ ನೇರವಾಗಿಯೇ ಹೇಳಿದರು. ಬಳಿಕ ತಾವೇ ಸೇರಿಸಿದರು: “ಆದರೆ ಕೊಂಡವನ ಮುಖ ನೋಡಬೇಕಿತ್ತಲ್ಲ ಫಾದರ್.”